ಪಾಲಿಪ್ ಹೋಯಿತು, ಎಚ್ಚರ ಹೋಗದಿರಲಿ

ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದು ಐದಾರು ದಿನಗಳಾಗಿವೆ. ಹೊಟ್ಟೆಯಲ್ಲಿ ನೋವಿಲ್ಲ, ಊಟ ರುಚಿಸುತ್ತಿದೆ. ಮನೆಯ ಯಜಮಾನರು ಎಂದಿನಂತೆ ಕಚೇರಿಗೆ ಹೊರಡಲು ಸಿದ್ಧರಾಗುತ್ತಿದ್ದಾರೆ. ಅಂದು ಬೆಳಗ್ಗೆ ಶೌಚಕ್ಕೆ ಹೋದವರಿಗೆ ಕೆಂಪು ರಕ್ತ ಕಾಣುತ್ತದೆ. ವೈದ್ಯರ ಕೈ ತಪ್ಪಿತೆ? ರೋಗ ಮರಳಿತೆ? ಮನೆಮಂದಿಗೆಲ್ಲ ಗಾಬರಿ.

ದೊಡ್ಡ ಕರುಳಿನ ಪಾಲಿಪ್ ತೆಗೆಸಿಕೊಂಡವರಲ್ಲಿ ಕೆಲವರಿಗೆ ಇಂತಹ ಬೆಳಗು ಎದುರಾಗುವುದುಂಟು. ಅದಕ್ಕೆ ಕಾರಣವೇನು, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಮೊದಲೇ ಅರಿತಿದ್ದರೆ ಅರ್ಧ ಗಾಬರಿ ತಪ್ಪೀತು. ರಕ್ತಸ್ರಾವವೇ ತಪ್ಪಿದರೂ ತಪ್ಪೀತು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಪಾಲಿಪ್ ಎಂದರೆ ಕರುಳಿನ ಒಳಪೊರೆಯ ಮೇಲೆ ಮೂಡುವ ಮಾಂಸದ ಮೊಳಕೆ. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಲ್ಲುತ್ತವೆ. ಕೆಲವು ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಬಹುಪಾಲು ನಿರುಪದ್ರವಿಗಳೇ. ಆದರೆ ಅಡಿನೋಮಾ ಎಂಬ ಜಾತಿಯವುಗಳಲ್ಲಿ ಕೆಲವು, ವರ್ಷಗಳು ಉರುಳಿದಂತೆ, ಕ್ಯಾನ್ಸರಿಗೆ ತಿರುಗುತ್ತವೆ. ಹಿಂದೆ ಕರುಳಿನ ಮೇಲ್ಭಾಗದ ಪಾಲಿಪ್ಪನ್ನು ತೆಗೆಯಲು ಹೊಟ್ಟೆಯನ್ನೇ ಕೊಯ್ಯಬೇಕಾಗಿತ್ತು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ವೈದ್ಯರಾದ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಹೊಸ ಹಾದಿ ತೆರೆದರು. ಕೊಲೊನೊಸ್ಕೋಪ್ ಎಂಬ ಬಾಗುವ ನಳಿಕೆಯೊಳಗಿಂದ ತಂತಿಯ ಕುಣಿಕೆಯನ್ನು ಕಳುಹಿಸಿ, ಪಾಲಿಪ್ಪಿನ ಬುಡಕ್ಕೆ ಬಿಗಿದು, ವಿದ್ಯುತ್ತಿನ ಶಾಖದಿಂದ ಅದನ್ನು ಕತ್ತರಿಸಿದರು. ಅಡಿನೋಮಾ ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇಕಡಾ 76ರಿಂದ 90ರಷ್ಟು ಕಡಿಮೆಯಾಯಿತೆಂದು ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನವು 1993ರಲ್ಲಿ ತಿಳಿಸಿತು.

ಶಾಖದ ಉಪಕಾರ, ಅಪಕಾರ

ಶಾಖವು ಕತ್ತರಿಸಿದ ಕ್ಷಣದಲ್ಲಿಯೇ ರಕ್ತನಾಳದ ಬಾಯಿಯನ್ನು ಮುಚ್ಚುವುದೇನೋ ದಿಟ. ಆದರೆ ಅದೇ ಶಾಖ ಆಳಕ್ಕಿಳಿದು ಕೆಳಗಿನ ನಾಳಗಳನ್ನೂ ಸುಡುತ್ತದೆ. ಗಾಯದ ಮೇಲೆ ಹಕ್ಕಳೆ ಕಟ್ಟುತ್ತದೆ. ಕೆಲವು ದಿನಗಳ ತರುವಾಯ ಹಕ್ಕಳೆ ಉದುರುವಾಗ ಅಡಿಯ ನಾಳವೊಂದು ಬಾಯ್ದೆರೆದರೆ ರಕ್ತ ಹರಿಯುತ್ತದೆ. ಈ ಭಯ ಸಾಮಾನ್ಯವಾಗಿ ಎರಡು ವಾರಗಳವರೆಗೆ ಇರುತ್ತದೆ. ಪಾಲಿಪ್ ದೊಡ್ಡದಾಗಿದ್ದರೆ, ಕರುಳಿನ ಬಲಭಾಗದಲ್ಲಿದ್ದರೆ, ರೋಗಿಯು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುತ್ತಿದ್ದರೆ ಅಪಾಯ ಹೆಚ್ಚು.

ಆದುದರಿಂದಲೇ 10 ಮಿಲಿಮೀಟರಿಗಿಂತ ಚಿಕ್ಕ ಪಾಲಿಪ್ಪುಗಳಿಗೆ ಈಗ ಶಾಖವಿಲ್ಲದ ಬರಿಯ ಕುಣಿಕೆಯೇ ಲೇಸೆಂದು ತಜ್ಞರ ಮತ. ಆ ಕ್ಷಣ ತುಸು ರಕ್ತ ಜಿನುಗಿ ತಾನೇ ನಿಲ್ಲುತ್ತದೆ. ಆಳದ ನಾಳಗಳಿಗೆ ಪೆಟ್ಟಿಲ್ಲ. ತೈವಾನಿನಲ್ಲಿ 4,270 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕ್ಕ ಪಾಲಿಪ್ಪುಗಳನ್ನು ಶಾಖದಿಂದ ತೆಗೆಸಿಕೊಂಡವರ ಪೈಕಿ ಶೇಕಡಾ 1.5 ಮಂದಿಗೆ ತಡವಾಗಿ ರಕ್ತಸ್ರಾವವಾದರೆ, ಶಾಖವಿಲ್ಲದ ಕುಣಿಕೆಯಲ್ಲಿ ಅದು ಶೇಕಡಾ 0.4 ಮಾತ್ರ.

ದೊಡ್ಡವುಗಳ ಮಾತು ಬೇರೆ. ದಪ್ಪ ತೊಟ್ಟಿದ್ದರೆ ಕತ್ತರಿಸುವ ಮುನ್ನ ಅದಕ್ಕೆ ಅಡ್ರಿನಲಿನ್ ಚುಚ್ಚುವುದು ಅಥವಾ ದಾರದಂತಹ ಬಳೆ ಬಿಗಿಯುವುದು ವಾಡಿಕೆ. ಚಪ್ಪಟೆಯಾದ ದೊಡ್ಡ ಪಾಲಿಪ್ ತೆಗೆದ ಗಾಯವನ್ನು ಪುಟ್ಟ ಲೋಹದ ಕ್ಲಿಪ್ಪುಗಳಿಂದ ಮುಚ್ಚಬಹುದು. 20 ಮಿಲಿಮೀಟರ್ ಹಾಗೂ ಅದಕ್ಕೂ ದೊಡ್ಡ ಪಾಲಿಪ್ಪುಗಳ ವಿಷಯದಲ್ಲಿ ಕ್ಲಿಪ್ಪಿನಿಂದ ರಕ್ತಸ್ರಾವವು ಶೇಕಡಾ 7.1ರಿಂದ 3.5ಕ್ಕೆ ಇಳಿಯಿತೆಂದು 2019ರ ಅಧ್ಯಯನವೊಂದು ತೋರಿಸಿತು. ಆ ಲಾಭವೂ ಕಂಡುಬಂದದ್ದು ಕರುಳಿನ ಬಲಭಾಗದಲ್ಲಿ. ಎಲ್ಲರಿಗೂ ಕ್ಲಿಪ್ ಬೇಕೆಂದಲ್ಲ.

ಅತ್ತ ದರಿ, ಇತ್ತ ಪುಲಿ

ನಿಜವಾದ ಇಕ್ಕಟ್ಟು ಇರುವುದು ಹೃದ್ರೋಗಿಗಳ ಮಾತ್ರೆಯ ಡಬ್ಬಿಯಲ್ಲಿ. ಹೆಪ್ಪು ತಡೆಯುವ ಮಾತ್ರೆಯನ್ನು ಮುಂದುವರಿಸಿದರೆ ಕರುಳಿನಲ್ಲಿ ರಕ್ತಸ್ರಾವದ ಭಯ. ನಿಲ್ಲಿಸಿದರೆ ಹೃದಯದ ಸ್ಟೆಂಟಿನಲ್ಲಿಯೋ ಮಿದುಳಿನಲ್ಲಿಯೋ ರಕ್ತ ಹೆಪ್ಪುಗಟ್ಟುವ ಭಯ. ಕರುಳಿನ ರಕ್ತವನ್ನು ಸಾಮಾನ್ಯವಾಗಿ ನಿಲ್ಲಿಸಬಹುದು. ಪಾರ್ಶ್ವವಾಯು ಕಸಿದುಕೊಂಡ ಕೈಕಾಲಿನ ಶಕ್ತಿ ಎಷ್ಟೋ ವೇಳೆ ಮರಳಿ ಬಾರದು.

ಆಸ್ಪಿರಿನ್ನನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕ್ಲೊಪಿಡೊಗ್ರೆಲ್, ವಾರ್ಫರಿನ್ ಮುಂತಾದವನ್ನು ಕೆಲವರಿಗೆ ಕೆಲವು ದಿನ ಮೊದಲೇ ನಿಲ್ಲಿಸುವುದುಂಟು. ಆ ನಿರ್ಧಾರ ಕರುಳಿನ ವೈದ್ಯರೂ ಹೃದಯದ ವೈದ್ಯರೂ ಕೂಡಿ ಮಾಡತಕ್ಕದ್ದು. ರೋಗಿಯಾಗಲಿ ನೆರೆಯವರಾಗಲಿ ಮಾಡತಕ್ಕದ್ದಲ್ಲ. ಮಾತ್ರೆಯ ಸಂಗತಿಯನ್ನು ವೈದ್ಯರಿಂದ ಮುಚ್ಚಿಡುವುದು ಒಂದು ತಪ್ಪು. ಹೆದರಿ ತಾವೇ ನಿಲ್ಲಿಸಿ, ಮತ್ತೆ ಆರಂಭಿಸಲು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಯಾವ ದಿನದಿಂದ ಮತ್ತೆ ನುಂಗಬೇಕೆಂಬುದನ್ನು ಆಸ್ಪತ್ರೆ ಬಿಡುವ ಮುನ್ನವೇ ಚೀಟಿಯಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಎರಡು ವಾರಗಳ ಕಾಲ ವೈದ್ಯರ ನೆರವು ದೊರೆಯದ ದೂರದ ಪ್ರಯಾಣ ಬೇಡ; ಕೇಳದೆ ನೋವಿನ ಮಾತ್ರೆ ನುಂಗುವುದೂ ಸಲ್ಲದು. ರಕ್ತ ಕಂಡರೆ, ತುಸುವೇ ಆದರೂ, ವೈದ್ಯರಿಗೆ ತಿಳಿಸಬೇಕು. ಅನೇಕ ವೇಳೆ ಅದು ತಾನಾಗಿಯೇ ನಿಲ್ಲುತ್ತದೆ. ಮತ್ತೆ ಮತ್ತೆ ಹೋದರೆ, ಗಡ್ಡೆಗಡ್ಡೆಯಾಗಿ ಬಂದರೆ, ತಲೆ ತಿರುಗಿ ಬೆವರು ಕಿತ್ತರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಅದೇ ನಳಿಕೆ ಮತ್ತೆ ಒಳಹೋಗಿ, ಒಂದು ಕ್ಲಿಪ್ ಬಿಗಿದು, ಹರಿವ ರಕ್ತವನ್ನು ನಿಲ್ಲಿಸಬಲ್ಲದು.

ವೈದ್ಯರ ಕೆಲಸ ಆಸ್ಪತ್ರೆಯಲ್ಲಿ ಮುಗಿಯಬಹುದು. ಆಮೇಲಿನ ಹದಿನಾಲ್ಕು ದಿನಗಳ ಕಾವಲು ಮಾತ್ರ ಮನೆಯವರದು.