ಏಳು ಅಡಿ ಎತ್ತರದ ಜಗಳ

ತಿರುಗುವ ಶಾಫ್ಟಿಗೆ ಹಲ್ಲಿಲ್ಲ, ಅಲಗಿಲ್ಲ. ಗರಗಸಕ್ಕೆ ಹೆದರುವವರೂ ಅದಕ್ಕೆ ಹೆದರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: 5 ಸೆಂ.ಮೀ. ದಪ್ಪದ ಸರಳು ನಿಮಿಷಕ್ಕೆ 1,000 ಸುತ್ತು ತಿರುಗಿದರೆ, ಅಂಚಿಗೆ ಸಿಕ್ಕ ಬಟ್ಟೆಯನ್ನು ಸೆಕೆಂಡಿಗೆ ಎರಡೂವರೆ ಮೀಟರಿಗೂ ಮೀರಿ ಸುತ್ತಿಕೊಳ್ಳಬಲ್ಲದು. ಕೈ ಎಳೆದುಕೊಳ್ಳಬೇಕು ಅಂತ ಹೊಳೆಯುವ ಕಾಲು ಸೆಕೆಂಡಿನೊಳಗೆ ತೋಳು ಒಳಗಿರುತ್ತದೆ. ಲೇತ್ ಮುಂದೆ, ಡ್ರಿಲ್ಲಿಂಗ್ ಮಷಿನ್ ಮುಂದೆ ಕೈಗವಸು ಹಾಕಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ಎಚ್ಚರದಿಂದಿರಬೇಕಾದವನು ಕೆಲಸಗಾರನೋ, ಮುಚ್ಚಿರಬೇಕಾದ್ದು ಯಂತ್ರವೋ? ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಈ ಪ್ರಶ್ನೆ ಹತ್ತಾರು ವರ್ಷ ಬಡಿದಾಡಿಸಿತು.

ಆಗ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರು ಇರಲಿಲ್ಲ. ಉಗಿ ಎಂಜಿನ್ನಿನ ಶಕ್ತಿ ಸೂರಿನಡಿಯ ಉದ್ದನೆಯ ಶಾಫ್ಟಿಗೆ ಬಂದು, ಅಲ್ಲಿಂದ ಬೆಲ್ಟುಗಳ ಮೂಲಕ ಮಗ್ಗಗಳಿಗೆ ಇಳಿಯುತ್ತಿತ್ತು. 1844ರ ಕಾರ್ಖಾನೆ ಕಾಯ್ದೆ ಶಾಫ್ಟುಗಳಿಗೆ ತಡೆ ಹಾಕಬೇಕೆಂದಿತು. ಓಡುತ್ತಿರುವ ಚಕ್ರ, ಶಾಫ್ಟುಗಳನ್ನು ಹೆಂಗಸರು, ಮಕ್ಕಳು ಒರೆಸಕೂಡದೆಂದಿತು. ಆದರೆ ನೆಲದಿಂದ ಏಳು ಅಡಿ ಮೇಲಿದ್ದದ್ದಕ್ಕೆ ತಡೆ ಬೇಡ ಎನ್ನುವುದು ಬಳಕೆಯಲ್ಲಿ ಉಳಿದುಬಿಟ್ಟಿತು. ಅಷ್ಟೆತ್ತರಕ್ಕೆ ಯಾರ ಕೈ ಹೋಗುತ್ತದೆ ಎಂಬುದು ಮಾಲೀಕರ ವಾದ.

ಹೋಗುತ್ತಿತ್ತು. ಜಾರಿದ ಬೆಲ್ಟನ್ನು ಮತ್ತೆ ಏರಿಸಲು, ಎಣ್ಣೆ ಬಿಡಲು, ಸೂರಿಗೆ ಸುಣ್ಣ ಬಳಿಯಲು ಏಣಿ ಹತ್ತಲೇಬೇಕಿತ್ತು. ಸುಣ್ಣ ಬಳಿಯಬೇಕೆಂದದ್ದೂ ಅದೇ ಕಾಯ್ದೆಯೇ!

1854ರಲ್ಲಿ ಗೃಹ ಸಚಿವ ಪಾಮರ್‌ಸ್ಟನ್ ಎತ್ತರದ ಶಾಫ್ಟಿಗೂ ತಡೆ ಕಡ್ಡಾಯವೆಂದು ಸುತ್ತೋಲೆ ಹೊರಡಿಸಿದ. ಅದೇ ವರ್ಷ ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ ಹೆನ್ರಿ ಮಾರ್ಲಿ ಗಿರಣಿಗಳಲ್ಲಿ ನಜ್ಜುಗುಜ್ಜಾದವರ ಬಗ್ಗೆ ಬರೆದ. 1855ರಲ್ಲಿ ಮಾಲೀಕರು ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿ ಎದುರು ನಿಂತರು. ಲೇಖಕಿ ಹ್ಯಾರಿಯೆಟ್ ಮಾರ್ಟಿನೋ, ಸರ್ಕಾರ ಇದರಲ್ಲಿ ಮೂಗು ತೂರಿಸಬಾರದೆಂದು ಕಿರುಹೊತ್ತಗೆ ಬರೆದಳು. ಅಚ್ಚು ಹಾಕಿಸಿದ್ದು ಅದೇ ಸಂಘ. 1856ರಲ್ಲಿ ಸಂಸತ್ತು ಬಾಗಿತು: ಹೆಂಗಸರಿಗೆ, ಎಳೆಯರಿಗೆ ತಾಕಬಹುದಾದ ಕಡೆಗಷ್ಟೇ ತಡೆ ಸಾಕು. ಶಾಫ್ಟಿನ ಹತ್ತಿರ ಹೋಗುವುದೇ ಯಾರ ಕೆಲಸವೋ, ಆ ಗಂಡಾಳು ರಕ್ಷಣೆಯಿಂದ ಹೊರಗುಳಿದ.

ಭಾರತಕ್ಕೆ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. 100 ಜನಕ್ಕಿಂತ ಕಡಿಮೆ ಇದ್ದ ಕಡೆಗೆ ಅದರ ಕೈ ಚಾಚುತ್ತಿರಲಿಲ್ಲ. ಕೈಕಾಲು ಕಳೆದುಕೊಂಡವರಿಗೆ ಪರಿಹಾರದ ಕಾಯ್ದೆಗೆ 1923ರವರೆಗೆ ಕಾಯಬೇಕಾಯಿತು.

1948ರ ಕಾರ್ಖಾನೆ ಕಾಯ್ದೆಯನ್ನು ಓದಿದರೆ ಅದರ ಒಂದೊಂದು ಸಾಲಿನ ಹಿಂದೆಯೂ ಯಾರದೋ ಗಾಯ ಇದ್ದಂತೆ ತೋರುತ್ತದೆ. 21ನೇ ಕಲಂ: ಯಂತ್ರ ಓಡುತ್ತಿರುವಷ್ಟು ಹೊತ್ತೂ ಗಾರ್ಡ್ (ತಡೆ) ಸ್ವಸ್ಥಾನದಲ್ಲಿರಬೇಕು. 22: ಓಡುವ ಯಂತ್ರಕ್ಕೆ ಎಣ್ಣೆ ಬಿಡುವವನು ತರಬೇತಾದ ವಯಸ್ಕನಾಗಿರಬೇಕು, ಅವನು ತೊಡುವ ಮೈಗಂಟುವ ಬಟ್ಟೆಯನ್ನು ಮಾಲೀಕನೇ ಕೊಡಬೇಕು. 26 ಇನ್ನೂ ಸೂಕ್ಷ್ಮ: ಹೊಸ ಯಂತ್ರದ ಶಾಫ್ಟಿನ ಮೇಲೆ ಸೆಟ್ ಸ್ಕ್ರೂವಿನ ತಲೆ ಎದ್ದು ನಿಲ್ಲಬಾರದು, ಹುದುಗಿರಬೇಕು ಇಲ್ಲವೇ ಮುಚ್ಚಿರಬೇಕು. ಅರ್ಧ ಅಂಗುಲದ ಆ ತಲೆಯೇ ಅಂಗಿಯ ತೋಳಿನ ಅಂಚನ್ನು ಮೊದಲು ಕಚ್ಚುವುದು.

ಅಷ್ಟರಲ್ಲಿ ಯಂತ್ರಕ್ಕೊಂದು ಮೋಟಾರು ಬಂದು ಸೂರಿನ ಶಾಫ್ಟು ಮರೆಯಾಗುತ್ತಿತ್ತು. ಅಪಾಯ ಕೆಳಗಿಳಿದು ಚಕ್, ರೋಲರು, ಪುಲ್ಲಿಗಳಿಗೆ ಸೇರಿಕೊಂಡಿತು. ಗಾರ್ಡ್ ತೆರೆದರೆ ಯಂತ್ರವೇ ನಿಲ್ಲುವ ಇಂಟರ್‌ಲಾಕ್ ಬಂತು. ಹೊಲದ ಒಕ್ಕಣೆ ಯಂತ್ರಗಳು ಕೈ ಕತ್ತರಿಸತೊಡಗಿದಾಗ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ತಯಾರಕರನ್ನೂ ಹೊಣೆ ಮಾಡಿತು.

ಆದರೆ ಇಂದಿಗೂ ಕಾನೂನು ತಲೆ ಎಣಿಸುತ್ತದೆ. ವಿದ್ಯುತ್ ಬಳಸುವಲ್ಲಿ 10 ಮಂದಿ ಇದ್ದರೆ ಕಾರ್ಖಾನೆ ಎಂದಿತ್ತು 1948ರ ಕಾಯ್ದೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ನಾಲ್ಕು ಜನರ ಲೇತ್ ಶೆಡ್ಡು, ಊರ ಹಿಟ್ಟಿನ ಗಿರಣಿ ಯಾವ ಎಣಿಕೆಗೂ ಸಿಗುವುದಿಲ್ಲ. ಅಲ್ಲಿ ಗಾರ್ಡ್ ಬಿಚ್ಚಿಟ್ಟರೆ ಕೆಲಸ ಬೇಗ ಸಾಗುತ್ತದೆ, ಪೀಸಿನ ಲೆಕ್ಕದಲ್ಲಿ ದುಡಿಯುವವನಿಗೆ ಬೇಗ ಎಂದರೆ ಕೂಲಿ. ಬೆರಳು ಹೋದ ದಿನ ಮಾತ್ರ ‘ಅಲ್ಲಿಗೇಕೆ ಕೈ ಹಾಕಿದ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅದು ಏಳು ಅಡಿಯ ವಾದವೇ. ಗಾರ್ಡ್ ತೆಗೆದವರಾರು, ತೆಗೆದ ಮೇಲೂ ಯಂತ್ರ ಓಡಿದ್ದು ಹೇಗೆ ಎಂದು ಮೊದಲು ಕೇಳುವ ಶೆಡ್ಡಿನಲ್ಲಿ ಮಾತ್ರ ಆ ಜಗಳ ಮುಗಿದಿದೆ ಎನ್ನಬಹುದು.