ಬ್ಯಾಸ್ಕೆಟ್‌ಬಾಲ್: ಎಳೆಯರ ಭರವಸೆಯನ್ನು ತೂಗುವ ಬಗೆ

ಎಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಎತ್ತರಕ್ಕೆ ಸಲ್ಲುತ್ತದೆ. ರಿಂಗು ನೆಲದಿಂದ 3.05 ಮೀಟರ್ ಮೇಲಿರುವ ಆಟದಲ್ಲಿ ಇದು ಸಹಜವೇ. ಆದರೆ ಹುಡುಗರು ಸಾಮಾನ್ಯವಾಗಿ 13-14ರ ಸುಮಾರಿಗೆ, ಹುಡುಗಿಯರು ಅದಕ್ಕೂ ಒಂದೆರಡು ವರ್ಷ ಮೊದಲು ದಿಢೀರನೆ ಬೆಳೆಯುತ್ತಾರೆ. ಬೇಗ ಬೆಳೆದವರು ಓರಗೆಯವರ ತಲೆಯ ಮೇಲಿಂದಲೇ ಚೆಂಡು ಕಿತ್ತುಕೊಳ್ಳುತ್ತಾರೆ. ಉಳಿದವರು ಸಮಕ್ಕೆ ಬಂದ ಮೇಲೆ ಆ ಮೇಲುಗೈ ಕರಗುತ್ತದೆ. ಜನವರಿಯಲ್ಲಿ ಹುಟ್ಟಿದವರೂ ಡಿಸೆಂಬರ್‌ನಲ್ಲಿ ಹುಟ್ಟಿದವರೂ ಒಂದೇ ವಯೋವರ್ಗದಲ್ಲಿ ಆಡುವಾಗ, ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆಯೇ ಪ್ರತಿಭೆಯ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಎದುರಾಳಿ ಯಾರು ಎಂಬುದು ಇನ್ನೊಂದು ಅಳತೆ. ಕರ್ನಾಟಕದ ಶಾಲಾ ಕ್ರೀಡೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ಕೆಂಗಲ್‌ನಂಥ ಸಣ್ಣ ಊರಿನ ಹುಡುಗಿಯೊಬ್ಬಳು ತಾಲ್ಲೂಕು ಪಂದ್ಯದಲ್ಲಿ ಗಳಿಸಿದ ಪಾಯಿಂಟುಗಳ ಬೆಲೆ ತಿಳಿಯುವುದು, ವರ್ಷವಿಡೀ ಕೋಚ್ ಕೈಕೆಳಗೆ ಪಳಗಿದ ಬೆಂಗಳೂರಿನ ಕ್ಲಬ್ಬುಗಳ ಹುಡುಗಿಯರೆದುರು. ಅಲ್ಲಿ ಆಕೆ ಸೋತರೂ ಕೀಳೆಣಿಸುವಂತಿಲ್ಲ: ಸಿಮೆಂಟು ಅಂಗಳದಲ್ಲಿ, ಕೋಚ್ ಇಲ್ಲದೆ ಕಲಿತು ಹತ್ತಿರದ ಪೈಪೋಟಿ ಕೊಟ್ಟಿದ್ದರೆ, ಗೆದ್ದವರಿಗಿಂತ ಆಕೆಯಲ್ಲೇ ಬೆಳೆಯುವ ಅವಕಾಶ ಹೆಚ್ಚಿರಬಹುದು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದಾಗ ಎದುರಿಸಿದ್ದೂ ಇಂಥದೇ ಪರೀಕ್ಷೆ, ಇನ್ನೂ ಎತ್ತರದ ಮೆಟ್ಟಿಲಲ್ಲಿ.

ಅನುಭವಿ ಕೋಚ್‌ಗಳು ಸ್ಕೋರಿಗಿಂತ ಹೆಚ್ಚಾಗಿ ನೋಡುವುದು ಮೈ ಬೆಳೆದಂತೆ ತಾನಾಗಿ ಬಾರದ ಗುಣಗಳನ್ನು. ಬಲಗೈಯವರು ಎಡಗೈಯಲ್ಲೂ ಡ್ರಿಬಲ್ ಮಾಡಬಲ್ಲರೇ? ಇಬ್ಬರು ಮುತ್ತಿದಾಗ ತೆರವಾಗಿರುವ ಜೊತೆಗಾರ ಕಣ್ಣಿಗೆ ಬೀಳುತ್ತಾನೆಯೇ? ಚೆಂಡು ಕಳೆದುಕೊಂಡ ಮರುಕ್ಷಣ ರಕ್ಷಣೆಗೆ ಓಡುತ್ತಾರೋ, ರೆಫರಿಯತ್ತ ತಿರುಗುತ್ತಾರೋ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಒಂದು ಪಂದ್ಯದಲ್ಲಿ ಉತ್ತರ ಸಿಗುವುದಿಲ್ಲ: ಆರು ತಿಂಗಳ ಹಿಂದೆ ತಿದ್ದಿದ ತಪ್ಪು ಈಗ ಹೋಗಿದೆಯೇ?

ವೃತ್ತಿಪರರೂ ಎಡವುತ್ತಾರೆ. ಏಳಡಿ ಮೀರಿದ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ 52ನೆಯವರಾಗಿ ಆರಿಸಿತು; ಹಾಗೆ ಆಯ್ಕೆಯಾದ ಮೊದಲ ಭಾರತೀಯ ಅವರು. ದೇಶವೇ ಸಂಭ್ರಮಿಸಿತು, ಎನ್‌ಬಿಎಯಲ್ಲಿ ಮಾತ್ರ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಅದರ ಹಿಂದಿನ ವರ್ಷ 41ನೆಯವರಾಗಿ ಆಯ್ಕೆಯಾದ ಸರ್ಬಿಯಾದ ನಿಕೋಲಾ ಯೋಕಿಚ್ 2021, 2022 ಮತ್ತು 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರರಾದರು. ಅವರ ಓಟ ನಿಧಾನ, ಜಿಗಿತ ಸಾಧಾರಣ. ಪಾಸ್ ಕೊಡುವ ಜಾಣ್ಮೆಯನ್ನು ಅಳೆಯುವ ಟೇಪು ಆಗ ಯಾರ ಬಳಿಯೂ ಇರಲಿಲ್ಲ.