ಹವಳದ ದ್ವೀಪಗಳಿಗೆ ಹೊರಡುವ ಮುನ್ನ

ಹುಲಗೂರು, ಶಿಗ್ಗಾವಿ, ಸವಣೂರು ಸೀಮೆಯ ನಮ್ಮ ಮನೆಗಳಲ್ಲಿ ಪ್ರವಾಸವೆಂದರೆ ಬಹುಕಾಲ ಕೂಡಲಸಂಗಮ, ಉಳವಿ, ಶ್ರೀಶೈಲಗಳೇ ಆಗಿದ್ದವು. ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ದುಡಿಯತೊಡಗಿದ ಮೇಲೆ ತಂದೆತಾಯಿಗಳಿಗೆ ಒಮ್ಮೆಯಾದರೂ ಕಡಲ ನಡುವಿನ ನೆಲವನ್ನು ತೋರಿಸಬೇಕೆಂಬ ಹಂಬಲ ಮೂಡಿದೆ. ಲಕ್ಷದ್ವೀಪದ ಹೆಸರು ಕೇಳಿಬರುತ್ತಿದೆ. ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಸ್ವತಂತ್ರವಾಗಿ ಹೋಗಿ ಮನಬಂದಂತೆ ನೋಡುವುದು ಲೇಸೋ, ಮಾರ್ಗದರ್ಶಕರಿರುವ ತಂಡದೊಡನೆ ಹೋಗುವುದು ಲೇಸೋ? ಕೆರೆಯ ನೀರನ್ನಷ್ಟೇ ಬಲ್ಲ, ಹಲವರು ಈಜನ್ನೇ ಅರಿಯದ ನಮಗೆ ಇದು ಕೇವಲ ಖರ್ಚಿನ ಪ್ರಶ್ನೆಯಲ್ಲ.

ಈ ದ್ವೀಪಗಳು ಕನ್ನಡಿಗರಿಗೆ ತೀರ ಪರಕೀಯವೇನೂ ಅಲ್ಲ. ಉತ್ತರದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾಗಳು ಅಮೀನ್‌ದಿವಿ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಮೊದಲು ಅಮೀನಿಯವರು ಮಂಗಳೂರಿಗೆ ಬಂದು ಟೀಪೂ ಸುಲ್ತಾನನ ಆಶ್ರಯ ಬೇಡಿದ್ದರು. 1799ರಲ್ಲಿ ಆ ದ್ವೀಪಗಳು ಇಂಗ್ಲಿಷರ ಕೈಸೇರಿದವು. ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿದ 1956ರ ನವೆಂಬರ್ 1ರಂದೇ ಅವು ಮಂಗಳೂರಿನ ಆಡಳಿತದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಒಳಪಟ್ಟವು. ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹವಳದ ದಂಡೆಯೊಂದು ಕೋಟೆಯಂತೆ ಸುತ್ತುವರಿದು, ಅದರೊಳಗೆ ನಿಂತ ತಿಳಿನೀರಿನ ಕಡಲಿಗೆ ಲಗೂನ್ ಎನ್ನುತ್ತಾರೆ. ಲಕ್ಷದ್ವೀಪದ ನೆಲವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ಲಗೂನ್‌ಗಳ ವಿಸ್ತಾರವೋ ಸುಮಾರು 4,200 ಚದರ ಕಿಲೋಮೀಟರ್! ಅಲ್ಲಿ ನೋಡಬೇಕಾದುದರ ಬಹುಭಾಗ ನೀರಿನಲ್ಲಿಯೇ ಇದೆ. ಬಹುತೇಕ ದ್ವೀಪಗಳಲ್ಲಿ ಲಗೂನ್ ಪಶ್ಚಿಮಕ್ಕಿದ್ದು, ಪೂರ್ವದ ದಂಡೆ ಬಹುಬೇಗ ಆಳಕ್ಕೆ ಇಳಿಯುತ್ತದೆ. ಮೊಣಕಾಲುದ್ದದ ನೀರೆಂದು ನಂಬಿ ನಡೆದವನಿಗೆ, ಇಳಿತದ ಹೊತ್ತಿನಲ್ಲಿ ದಂಡೆಯ ಕಂಡಿಗಳ ಮೂಲಕ ನೀರು ಹೊರಕ್ಕೆ ಸೆಳೆಯುವ ವೇಗ ತಿಳಿದಿರುವುದಿಲ್ಲ. ದೋಣಿ ನುಗ್ಗಬಲ್ಲ ಕಂಡಿ ಯಾವುದು, ಹವಳ ಎಲ್ಲಿ ಕಾಲು ಕೊಯ್ದೀತು ಎಂಬುದು ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಗೊತ್ತು. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟುವ ನಮ್ಮ ರೈತನೂ ಕಾಡಿನ ದಾರಿ ಬಲ್ಲವರ ಚಕ್ಕಡಿಯನ್ನು ಮುಂದೆ ಬಿಟ್ಟುಕೊಳ್ಳುತ್ತಾನಲ್ಲವೆ?

ಕಾನೂನು ಕೂಡ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟಿಲ್ಲ. 1967ರ ನಿಯಮಗಳಂತೆ ಹೊರಗಿನ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಎಲ್ಲಿ ತಂಗುವಿರಿ, ಯಾರ ಹೊಣೆಯಲ್ಲಿ ಬರುವಿರಿ ಎಂಬುದು ಮೊದಲೇ ಗೊತ್ತಾಗಿರಬೇಕು. ಮಧ್ಯವರ್ತಿಗೆ ಮುಂಗಡ ಕೊಡುವ ಮೊದಲು ಪರವಾನಗಿ ಯಾರ ಹೆಸರಿಗೆ, ಯಾವ ದ್ವೀಪಕ್ಕೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಕೈಯಲ್ಲಿ ಪರವಾನಗಿ ಇಲ್ಲದೆ ಕೊಚ್ಚಿಯವರೆಗೆ ವೃದ್ಧರನ್ನು ಕರೆದೊಯ್ಯುವುದು ಸರಿಯಲ್ಲ.

ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ 1982ರಲ್ಲಿ ಸ್ಥಾಪಿತವಾಯಿತು. ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ಹಡಗಿನಲ್ಲಿ ತೋರಿಸುವ ಅದರ ‘ಸಮುದ್ರಂ’ ಯೋಜನೆ ಪ್ರಸಿದ್ಧವಾದುದು: ಹಗಲು ದ್ವೀಪ, ರಾತ್ರಿ ಹಡಗು. ಊಟ, ದೋಣಿ, ಹಾಸಿಗೆಗಳ ಚಿಂತೆಯನ್ನು ಬೇರೊಬ್ಬರು ಹೊರುತ್ತಾರೆ. ಮಂಡಿನೋವಿನ ಹಿರಿಯರಿಗೆ ಇದೇ ತಕ್ಕುದು. ಆದರೂ ಹಡಗಿನಿಂದ ದೋಣಿಗೆ ಇಳಿಯುವಾಗ ಅಲೆ ತೂಗಾಡಿಸುತ್ತದೆ; ಹೊರಡುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ತಂಡದ ಕೊರತೆಯನ್ನೂ ಹೇಳಬೇಕು. ಗಂಟೆ ಹೊಡೆದಂತೆ ಸಾಗುವ ವೇಳಾಪಟ್ಟಿಯಲ್ಲಿ ದ್ವೀಪದ ಜನ ಕಾಣುವುದೇ ಇಲ್ಲ. ಆದುದರಿಂದ ನೀರಿನ ಮೇಲೆ ತಂಡದ ಮಾತು ಕೇಳಿ, ನೆಲದ ಮೇಲೆ ಸಿಕ್ಕ ಬಿಡುವಿನಲ್ಲಿ ಅಪ್ಪಣೆ ಪಡೆದು ನಮ್ಮ ಕಾಲ ಮೇಲೆ ನಡೆಯುವುದೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವಿದೆ. ಅಲ್ಲಿಯ ಮಹಲ್ ಭಾಷೆ ಮಾಲ್ದೀವ್‌ಗಳ ನುಡಿಗೆ ಸೇರಿದ್ದು, ಉಳಿದ ದ್ವೀಪಗಳ ಮಲಯಾಳಂನಿಂದ ಬೇರೆ. ಕವರತ್ತಿಯ ಉಜ್ರಾ ಮಸೀದಿಯ ಕೆತ್ತನೆಯ ಮಾಡು ನೋಡತಕ್ಕದ್ದು. ದ್ವೀಪವಾಸಿಗಳು ಬಹುಪಾಲು ಮುಸಲ್ಮಾನರು. ಹಜರತ್ ಶಾ ಕಾದರಿಯವರ ದರ್ಗಾದ ಹೊಸ್ತಿಲಲ್ಲಿ ತಲೆಬಾಗಿ ಬೆಳೆದ, ಶಿಶುನಾಳ ಶರೀಫರ ನೆರೆಯವರಾದ ಹುಲಗೂರಿನವರಿಗೆ ಅಲ್ಲಿ ಹೇಗೆ ನಡೆಯಬೇಕೆಂದು ಕಲಿಸಬೇಕಾಗಿಲ್ಲ. ಮೈತುಂಬ ಉಡುಪು ಇರಲಿ, ಕೇಳದೆ ಹೆಣ್ಣುಮಕ್ಕಳ ಭಾವಚಿತ್ರ ತೆಗೆಯುವುದು ಬೇಡ, ಅಷ್ಟೆ.

ಗೃಹಿಣಿಯರು ಕೇಳುವ ಮೊದಲ ಪ್ರಶ್ನೆ ಊಟದ್ದು. ಮೀನೂ ತೆಂಗೂ ಅಲ್ಲಿಯ ಜೀವಾಳ. ತರಕಾರಿ ಬಹುಪಾಲು ದಡದಿಂದ ಹಡಗೇರಿ ಬರಬೇಕು. ಶಾಕಾಹಾರದ ಕುರಿತು ಕಾಯ್ದಿರಿಸುವಾಗಲೇ ತಿಳಿಸಿ, ಕಟಕರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡರೆ ಚಿಂತೆಯಿಲ್ಲ. ಪೂಜೆಯ ವಿಭೂತಿ, ವಸ್ತ್ರಗಳೂ ಕೈಚೀಲದಲ್ಲಿಯೇ ಇರಲಿ. ನೀರಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ದ್ವೀಪದ ಮಣ್ಣಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಹೆಚ್ಚು ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ. ಇದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರ ಆರಂಭವಾಯಿತು. ಬೇಸಿಗೆಯಲ್ಲಿ ಕೊಡ ಹಿಡಿದು ಸರತಿಯಲ್ಲಿ ನಿಂತ ನಮ್ಮ ಕಡೆಯ ತಾಯಂದಿರು ಇದನ್ನು ಬೇಗ ಅರಿಯುವರು.

ಹವಳದ ತುಂಡನ್ನು ನೆನಪಿಗೆಂದು ಎತ್ತಿ ತರುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. 1998, 2010, 2016ರಲ್ಲಿ ಕಡಲು ಬಿಸಿಯೇರಿ ಅಲ್ಲಿಯ ಹವಳ ಬಿಳಿಚಿ ಸತ್ತಿತು. ಉಳಿದುದನ್ನು ತುಳಿಯದಂತೆ ಮಕ್ಕಳಿಗೆ ಮೊದಲೇ ಹೇಳಿರಿ.

ಇಷ್ಟು ದೂರ ಆಗದವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪವಿದೆ. ಅಲ್ಲಿ ಲಗೂನ್ ಇಲ್ಲ. ಲಾವಾರಸ ತಣಿದು ನಿಂತ ಕಲ್ಲುಕಂಬಗಳಿವೆ. ಬೇರೆ ಪರವಾನಗಿಯ ಗೋಜಿಲ್ಲದೆ ದೋಣಿಯಲ್ಲಿ ಹೋಗಿ ಅಂದೇ ಮರಳಬಹುದು. ಮಳೆಗಾಲದಲ್ಲಿ ದೋಣಿಗಳು ನಿಲ್ಲುವುದರಿಂದ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ, ಸುಗ್ಗಿಯ ಕೆಲಸ ನೋಡಿಕೊಂಡು ದಿನ ಗೊತ್ತುಮಾಡಿರಿ.